ಚಿಕ್ಕಪ್ಪ ಪಳಗಿಸಿದ ಕುದುರೆ

ಹುರುಳಿ ಬೆಂದು ಇನ್ನೂ ಒಗ್ಗರಣೆ ಬೀಳದಿರುವಾಗ ಪಾತ್ರೆಯ ಮುಚ್ಚಳ ತೆಗೆದರೆ ಮುಖಕ್ಕೆ ಬಡಿಯುವ ಆವಿಯಲ್ಲಿ ಒಂದು ವಾಸನೆಯಿದೆ. ನೆನೆದ ಗೋಣಿಚೀಲವನ್ನು ಬಿಸಿಲಿಗೆ ಹರವಿದಾಗ ಏಳುವಂಥ, ಸ್ವಲ್ಪ ಮಣ್ಣಿನ, ಸ್ವಲ್ಪ ಬೆವರಿನ ವಾಸನೆ. ಬೆಳ್ಳುಳ್ಳಿ ಕರಿಬೇವು ಸಿಡಿದ ಮೇಲೆ ಅದು ಬರೀ ಸಾರಾಗಿಬಿಡುತ್ತದೆ. ಅದಕ್ಕೆ ಮುಂಚಿನ ಆ ಅರೆ ನಿಮಿಷ ನಾನು ಕೊಳ್ಳೇಗಾಲದ ಮನೆಯ ಹಿತ್ತಿಲಲ್ಲಿ, ಮಸಿ ಹಿಡಿದ ಹಂಡೆಯ ಪಕ್ಕದಲ್ಲಿ, ಚಿಕ್ಕಪ್ಪನ ಮೊಣಕಾಲಿಗೆ ಒರಗಿ ನಿಂತಿರುತ್ತೇನೆ. ಆವಿಯ ಜೊತೆಗೆ ಹಳೆಯ ಚರ್ಮದ ವಾಸನೆ, ಬೇವಿನೆಣ್ಣೆಯ ವಾಸನೆ, ಅವನ ಅಂಗಿಯ ಬೀಡಿ ವಾಸನೆ ಎಲ್ಲವೂ ಬರುತ್ತವೆ. ನನಗೆ ಅನುಮಾನ ಶುರುವಾಗುವುದು ಇಲ್ಲಿಯೇ. ಕುದುರೆ ಬಂದ ವರ್ಷ ಚಿಕ್ಕಪ್ಪ ಬೀಡಿ ಬಿಟ್ಟಿದ್ದ, ಡಾಕ್ಟರು ಬಿಡಿಸಿದ್ದರು. ಅವನ ಹತ್ತಿರ ಹೋಗದಂತೆ ಅಮ್ಮ ನನ್ನನ್ನು ತಡೆದಿದ್ದಳು. ಹಾಗಾದರೆ ಬೀಡಿ ಯಾರದ್ದು, ನಾನು ಒರಗಿದ ಮೊಣಕಾಲು ಯಾರದ್ದು? ನೆನಪು ತನಗೆ ಬೇಕಾದ್ದನ್ನು ಬೇರೆ ವರ್ಷಗಳಿಂದ ತಂದು ಸೇರಿಸಿಕೊಳ್ಳುತ್ತದೆ. ಇಲ್ಲದ ಮನೆಗಳನ್ನು ನೆನೆಯುತ್ತ ಕೂರುವ ಅಭ್ಯಾಸ ನಿಮಗೂ ಇದ್ದರೆ ಇದು ನಿಮಗೆ ಗೊತ್ತಿರುತ್ತದೆ.

ಬಸ್‌ಸ್ಟ್ಯಾಂಡಿಗೂ ಕೆರೆಗೂ ನಡುವಿನ ಬೀದಿಯಲ್ಲಿ ನಮ್ಮದು ನಾಡಹೆಂಚಿನ ಉದ್ದನೆಯ ಮನೆ. ಊರು ಮದರಾಸಿನಿಂದ ಮೈಸೂರಿಗೆ ಸೇರಿ ನಾಲ್ಕೈದು ವರ್ಷವಾಗಿತ್ತು. ಅಪ್ಪ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ಅವನ ತಮ್ಮ, ನನ್ನ ಚಿಕ್ಕಪ್ಪ ಮಾದಪ್ಪ, ತಾತನ ಕಾಲದಿಂದ ಬಂದ ಜಟಕಾ ಓಡಿಸುತ್ತಿದ್ದ. ಬಸ್ಸಿಳಿದವರನ್ನು ಆಸ್ಪತ್ರೆಗೆ, ರೇಷ್ಮೆ ಅಂಗಡಿಗಳಿಗೆ, ಕೆಲವೊಮ್ಮೆ ಮಧುವನಹಳ್ಳಿಯವರೆಗೂ ಮುಟ್ಟಿಸುವುದು ಅವನ ಕೆಲಸ. ಅವನ ಹೆಂಡತಿ ದೇವೀರಮ್ಮ ಹನೂರಿನವಳು. ಅವರಿಗೆ ಮಕ್ಕಳಿರಲಿಲ್ಲ, ನನ್ನ ಊಟ ನಿದ್ದೆಗಳೆಲ್ಲ ಚಿಕ್ಕಮ್ಮನ ಮಗ್ಗುಲಲ್ಲೇ. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಗಾಡಿಯ ಮುದಿ ಕುದುರೆ ಸತ್ತಿತು. ಚಿಕ್ಕಪ್ಪ ಬೆಟ್ಟದಾಚೆಯ ಅಂದಿಯೂರಿಗೆ ಹೋಗಿ, ಗಾಡಿಯನ್ನೇ ಕಂಡಿರದ, ಬೆನ್ನಿನ ಮೇಲೆ ನೊಣ ಕೂತರೂ ಮೈಯೆಲ್ಲ ನಡುಗಿಸುವ ಒಂದು ಕಂದು ಹೆಣ್ಣುಮರಿಯನ್ನು ಕೊಂಡು, ಕಾಡಿನ ದಾರಿಯಲ್ಲಿ ನಡೆಸಿಕೊಂಡೇ ಬಂದ. ಪಳಗಿದ ಕುದುರೆ ತರದೆ ಇದನ್ನೇಕೆ ತಂದೆ ಎಂದು ಅಪ್ಪ ಕೇಳಿದ. "ಪಳಗಿರೋ ಕುದ್ರ ಇನ್ನೊಬ್ಬನ್ ತಪ್ಪನ್ನೂ ಕಲ್ತಿರ್ತದ ಕಣಣ್ಣ. ಇದ್ಕ ಇನ್ನೂ ಏನೂ ಗೊತ್ತಿಲ್ಲ" ಎಂದ ಚಿಕ್ಕಪ್ಪ. ಬೇರೆ ಹೆಸರಿಡಲಿಲ್ಲ. ಕೂಸು ಎಂದೇ ಕರೆದ. ನಾವೂ ಹಾಗೇ ಕರೆದೆವು.

ಅವನಿಗೆ ಕ್ಷಯ ಎಂದು ತಿಳಿದದ್ದು ಕೂಸು ಬಂದ ತಿಂಗಳಲ್ಲೇ. ಮೈಸೂರಿನ ಆಸ್ಪತ್ರೆಗೆ ಹೋಗಿ ತಿಂಗಳುಗಟ್ಟಲೆ ಇರಬೇಕೆಂದು ಡಾಕ್ಟರು ಹೇಳಿದರು. ಅವನು ಹೋಗಲಿಲ್ಲ. ಅವನ ತಟ್ಟೆ ಲೋಟ ಬೇರೆಯಾದವು, ಹಾಸಿಗೆ ಹಿತ್ತಿಲ ಕಡೆಯ ಕೊಟ್ಟಿಗೆಗೆ ಹೋಯಿತು, ಕುದುರೆಯ ಪಕ್ಕಕ್ಕೆ. ಅಪ್ಪ ಬೈದ, ಬೇಡಿಕೊಂಡ. ಹನೂರಿನಿಂದ ಚಿಕ್ಕಮ್ಮನ ಅಣ್ಣ ಬಂದು, ಆಗಬಾರದ್ದು ಆದರೆ ತಂಗಿಯನ್ನು ಕರೆದುಕೊಂಡು ಹೋಗುತ್ತೇನೆ, ನಮ್ಮ ಮನೆಯಲ್ಲಿ ಒಂದು ಮೂಲೆ ಇದೆ ಎಂದು ಎಲ್ಲರೆದುರೂ ಹೇಳಿಹೋದ. ಮೂಲೆ ಎಂಬ ಆ ಮಾತು ಚಿಕ್ಕಮ್ಮನ ಮೇಲೆ ಮಾಡಿದ ಗಾಯವನ್ನು ನಾನು ಆಗ ಕಂಡೆನೋ, ಆಮೇಲೆ ಊಹಿಸಿಕೊಂಡೆನೋ ಹೇಳಲಾರೆ. ಆದರೆ ಅಂದು ಸಂಜೆ ಕೊಟ್ಟಿಗೆಯ ಬಾಗಿಲಲ್ಲಿ ಚಿಕ್ಕಪ್ಪ ಅವಳಿಗೆ ಹೇಳಿದ್ದನ್ನು ನಾನು ಖಂಡಿತ ಕೇಳಿದ್ದೇನೆ. "ಯಾರ್ ಕೈಗ್ ಕೊಟ್ರೂ ಓಡ್ಬೇಕು, ಅಂಗೆ ಮಾಡಿ ಕೊಡ್ತೀನಿ ಇದ. ಗಾಡಿ ನಿಂದು, ಕುದ್ರ ನಿಂದು. ಯಾರ್ ಮನ ಮೂಲಗೂ ನೀ ಓಗ್ಬೇಡ." ಚಿಕ್ಕಮ್ಮ ಹುರುಳಿಯ ಹಂಡೆ ಇಳಿಸಿ, ಬೂಸಾ ಕಲಸತೊಡಗಿದಳು.

ಆ ವರ್ಷವೆಲ್ಲ ನಮ್ಮ ಮನೆಯಲ್ಲಿ ನಡೆದದ್ದು ಒಂದೇ ಕೆಲಸ. ಮೊದಲ ವಾರ ಚಿಕ್ಕಪ್ಪ ಕೂಸಿನ ಮೈಯನ್ನು ಮುಟ್ಟಲೇ ಇಲ್ಲ. ಅದು ತಿನ್ನುವಾಗ ಬಕೆಟ್ಟಿನಿಂದ ಒಂದು ಮಾರು ದೂರದಲ್ಲಿ ಕುಕ್ಕರುಗಾಲಲ್ಲಿ ಕೂತಿರುತ್ತಿದ್ದ, ಅಷ್ಟೆ. ಆಮೇಲೆ ಕುತ್ತಿಗೆಯ ಮೇಲೆ ಅಂಗೈ ಇಟ್ಟು, ಅದು ಬೆದರಿ ಹಿಂದೆ ಸರಿಯುವ ಮೊದಲೇ ತೆಗೆಯುತ್ತಿದ್ದ. ಬೇಡ ಅನ್ನುವುದನ್ನು ಅದಕ್ಕೆ ಕಲಿಸಬಾರದು, ಅದು ಬೇಡ ಅನ್ನುವ ಮೊದಲೇ ನಾವೇ ಬಿಡಬೇಕು ಎಂದು ಅವನ ಲೆಕ್ಕ. ಒಂದು ಒದ್ದೆ ಗೋಣಿ ಬೆನ್ನಿನ ಮೇಲೆ ಬಿತ್ತು. ಎರಡು ದಿನ ಬಿಟ್ಟು ಅದರ ಮೇಲೆ ಇನ್ನೊಂದು. ಹಗ್ಗ ಹಿಡಿದು ಮೊದಲ ದಿನ ನಮ್ಮ ಜಗಲಿಯವರೆಗೆ, ಮರುದಿನ ಬೀದಿಯ ಬಾವಿಯವರೆಗೆ, ತಿಂಗಳಾಗುವಷ್ಟರಲ್ಲಿ ಕೆರೆಯ ಏರಿಯವರೆಗೆ. ಸದ್ದಿನ ಪಾಠ ನನ್ನದು. ಹತ್ತಿರ ಬರಬಾರದು ಎಂಬ ಅಮ್ಮನ ಕಟ್ಟಪ್ಪಣೆಗೂ ಅದು ಹೊಂದುತ್ತಿತ್ತು. ನಾನು ಬೀದಿಯ ಕೊನೆಯಲ್ಲಿ ನಿಂತು ಸೀಮೆಎಣ್ಣೆಯ ಖಾಲಿ ಡಬ್ಬವನ್ನು ಕಡ್ಡಿಯಿಂದ ಬಡಿಯಬೇಕು. ಕೂಸು ಕಿವಿ ಹಿಂದಕ್ಕೆ ಒರಗಿಸದಿದ್ದರೆ ಮರುದಿನ ಐದು ಹೆಜ್ಜೆ ಮುಂದೆ ಬಂದು ಬಡಿಯಬೇಕು. ಡಬ್ಬ ಮುಗಿದ ಮೇಲೆ ಸೈಕಲ್ಲಿನ ಬೆಲ್ಲು, ಆಮೇಲೆ ಬಸ್‌ಸ್ಟ್ಯಾಂಡು. ಹಿಂದಿನಿಂದ ಸದ್ದು ಬಂದರೆ ಬೆದರಬಾರದೆಂದು ತೆಂಗಿನ ಗರಿಯೊಂದನ್ನು ಕಟ್ಟಿ ಎಳೆಸಿದ. ಗರಿ ಹೋಗಿ ಮರದ ದಿಮ್ಮಿ ಬಂತು. ದಿಮ್ಮಿಯ ಜೊತೆಗೆ ಎರಡು ಪಕ್ಕೆಗೂ ಬಿದಿರಿನ ಗಳ ಬಂತು. ಖಾಲಿ ಗಾಡಿಯ ಹತ್ತಿರ ನಿಲ್ಲಿಸಿ, ಅದರ ಸೀಟಿನ ಮೇಲೆ ಹುರುಳಿ ಇಟ್ಟು ತಿನ್ನಿಸಿದ. ಜಟಕಾ ಸ್ಟ್ಯಾಂಡಿನ ಇಮಾಮಣ್ಣ, ಚಿಕ್ಕಪ್ಪನ ಜೊತೆಗಾರ, ದಿನಕ್ಕೊಂದು ಸಲ ಬಂದು ಜಗಲಿಯ ಮೇಲೆ ಕೂತು ನಗುತ್ತಿದ್ದ. "ಏನ್ಲಾ ಮಾದ, ಎಸ್ಸೆಸ್ಸೆಲ್ಸಿಗ ಕಟ್ಟುಸ್ತಿದ್ದೀಯಾ ಅದ? ನಮ್ ಕುದ್ರಗೋಳು ಮೂರ್ ದಿನದಲ್ಲಿ ಗಾಡಿಗ್ ಬಿದ್ದವು ಕಣ್ಲಾ." ಚಿಕ್ಕಪ್ಪ ತಲೆ ಎತ್ತದೆ ಹೇಳುತ್ತಿದ್ದ: "ಅದ್ಕೇ ನಿನ್ ಕುದ್ರ ನಿನ್ನನ್ನೇ ಒದಿತದ, ಓಗು."

ಇನ್ನು ಕೆಮ್ಮು. ಅದು ಎಂದು ಹೆಚ್ಚಾಯಿತೋ ಗೊತ್ತಿಲ್ಲ, ನನ್ನ ನೆನಪಿನಲ್ಲಿ ಅದು ಮೊದಲಿನಿಂದಲೂ ಇದೆ. ಕೂಸನ್ನು ನಡೆಸುವಾಗ ಕೆಮ್ಮು ಬಂದರೆ ಚಿಕ್ಕಪ್ಪ ನಿಲ್ಲುತ್ತಿದ್ದ. ಹಗ್ಗ ಸಡಿಲ ಬಿಟ್ಟು, ಕುತ್ತಿಗೆಯ ಮೇಲೆ ಅಂಗೈ ಊರಿ, ಬಾಗಿ, ಅದು ಮುಗಿಯುವವರೆಗೂ ಅದರ ಮೈಗೆ ಭಾರ ಹಾಕಿ ನಿಲ್ಲುತ್ತಿದ್ದ. ಮುಗಿದ ಮೇಲೆ ಕುತ್ತಿಗೆಯನ್ನು ಎರಡು ಸಲ ತಟ್ಟಿ ಹೊರಡುತ್ತಿದ್ದ. ಕೆಲವು ತಿಂಗಳಲ್ಲಿ ಕೂಸು ತಾನಾಗಿಯೇ ನಿಲ್ಲತೊಡಗಿತು. ಅವನ ಗಂಟಲಿನಲ್ಲಿ ಕೆಮ್ಮು ಏಳುತ್ತಿದ್ದಂತೆ ಅದರ ನಾಲ್ಕೂ ಕಾಲು ನೆಲ ಹಿಡಿಯುತ್ತಿದ್ದವು, ಕುತ್ತಿಗೆ ಅವನ ಕಡೆಗೆ ಬಾಗುತ್ತಿತ್ತು. ಬೀದಿಯವರು ಇದನ್ನು ನೋಡಲೆಂದೇ ಬಾಗಿಲಿಗೆ ಬರುತ್ತಿದ್ದರು. ಮೂಕಪ್ರಾಣಿಗೆ ಎಷ್ಟು ಕರುಳು ನೋಡಿ ಎಂದು ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇಮಾಮಣ್ಣ ಇದನ್ನು ಮೊದಲ ಸಲ ಕಂಡ ದಿನ ತಮಾಷೆ ಮಾಡಲಿಲ್ಲ. ನಾವು ಅದನ್ನು ಪ್ರೀತಿ ಎಂದುಕೊಂಡೆವು. ಪ್ರೀತಿಯೂ ಇದ್ದಿರಬಹುದು, ಕುದುರೆಯ ಮನಸ್ಸು ನನಗೇನು ಗೊತ್ತು. ಆದರೆ ಗೋಣಿಯನ್ನೂ ಡಬ್ಬವನ್ನೂ ಗಳವನ್ನೂ ಅದು ಯಾವ ದಾರಿಯಲ್ಲಿ ಕಲಿತಿತ್ತೋ ಇದನ್ನೂ ಅದೇ ದಾರಿಯಲ್ಲಿ ಕಲಿಯುತ್ತಿತ್ತು, ದಿನಕ್ಕಿಷ್ಟು ಎಂದು, ಎಲ್ಲಕ್ಕಿಂತ ಗಟ್ಟಿಯಾಗಿ. ಅಂಥ ಪಾಠಗಾರನಾದ ಚಿಕ್ಕಪ್ಪನಿಗೆ ಇದು ಹೊಳೆಯಲಿಲ್ಲವೇ? ಹೊಳೆದಿದ್ದರೂ, ಬಾಗಿ ಒರಗಲು ಅವನಿಗೆ ಇದ್ದದ್ದು ಆ ಕುತ್ತಿಗೆ ಒಂದೇ.

ಗಾಡಿ ಕಟ್ಟಿದ ದಿನ ಮೊದಲ ಭಾರವಾಗಿ ಕೂತವಳು ನಾನು. ರಾಗಿ ಮೂಟೆಗಿಂತ ಹಗುರ, ಬೆದರಿದರೆ ಹಾರಿಕೊಳ್ಳುತ್ತಾಳೆ ಎಂದು ನನ್ನನ್ನು ಹತ್ತಿಸಿ, ತಾನು ಮುಂದೆ ಹಗ್ಗ ಹಿಡಿದು ನಡೆದ. ಬೆಳಗಿನ ಬಿಸಿಲು, ಹೊಸದಾಗಿ ಎಣ್ಣೆ ಕುಡಿದ ಅಚ್ಚಿನ ವಾಸನೆ, ಹುಲ್ಲು ತುಂಬಿದ ಸೀಟಿನ ಚುಚ್ಚುವಿಕೆ. ಕೆರೆಯವರೆಗೆ ಹೋಗಿ ಬರುವಷ್ಟರಲ್ಲಿ ಮೂರು ಸಲ ಅವನು ಕೆಮ್ಮಿದ, ಮೂರು ಸಲ ಗಾಡಿ ಒಂದಿಷ್ಟೂ ಜಗ್ಗದೆ ನಿಂತಿತು. ಜಗಲಿಯಲ್ಲಿ ಚಿಕ್ಕಮ್ಮ ಆರತಿ ತಟ್ಟೆ ಹಿಡಿದು ನಿಂತಿದ್ದಳು. ಅವಳು ನಗುತ್ತಿದ್ದಳು ಎಂದೇ ಹಿಂದೆ ಒಂದು ಕಡೆ ಬರೆದಿಟ್ಟುಕೊಂಡಿದ್ದೇನೆ. ಈಗ ಕಣ್ಣು ಮುಚ್ಚಿದರೆ ತಟ್ಟೆ ಕಾಣುತ್ತದೆ, ಕರ್ಪೂರ ಕಾಣುತ್ತದೆ, ಮುಖ ಕಾಣುವುದಿಲ್ಲ. ಆಮೇಲೆ ಚಿಕ್ಕಪ್ಪ ನಾಲ್ಕು ತಿಂಗಳು ಗಾಡಿ ಹೂಡಿದ. ಕೊನೆಯ ತಿಂಗಳು ಕೊಟ್ಟಿಗೆಯಿಂದ ಏಳಲಿಲ್ಲ. ಕೆಮ್ಮು ಬಂದಾಗಲೆಲ್ಲ ಕೂಸು ಗೂಟದ ಹಗ್ಗವನ್ನು ಜಗ್ಗಿ, ಅವನ ಹಾಸಿಗೆಯತ್ತ ಕುತ್ತಿಗೆ ಚಾಚುತ್ತಿತ್ತು. ಒಂದು ಬೆಳಿಗ್ಗೆ ಕೊಟ್ಟಿಗೆ ನಿಶ್ಶಬ್ದವಾಗಿತ್ತು.

ತಿಥಿಯೆಲ್ಲ ಕಳೆದ ಮೇಲೆ ಚಿಕ್ಕಮ್ಮ ಹನೂರಿಗೆ ಹೋಗಲಿಲ್ಲ. ಅಣ್ಣ ಬಂದು ಕರೆದಾಗ, "ಗಾಡಿ ಅದ, ಕುದ್ರ ಅದ, ನಾ ಇಲ್ಲೇ ಇರ್ತೀನಿ" ಎಂದಳು. ಗಾಡಿ ಓಡಿಸಲು ಇಮಾಮಣ್ಣ ಒಪ್ಪಿಕೊಂಡ. ತನ್ನದನ್ನು ಮಗನ ಕೈಗೆ ಕೊಟ್ಟು ಕೂಸನ್ನು ಹೂಡಿದ. ಮೊದಲ ದಿನ ಮಧ್ಯಾಹ್ನ ಅವನೇ ಓಡಿಬಂದ. ಕುದುರೆ ಬಜಾರಿನ ನಡುವೆ ನಿಂತುಬಿಟ್ಟಿದೆ, ಚಾವಟಿಗೂ ಜಗ್ಗುತ್ತಿಲ್ಲ, ಹಿಂದೆ ಬಸ್ಸು ನಿಂತಿದೆ. ಚಿಕ್ಕಮ್ಮ ತಲೆಯ ಮೇಲೆ ಸೆರಗೆಳೆದುಕೊಂಡು ಹೋದಳು, ಹಿಂದೆಯೇ ನಾನು. ಗಾಡಿಯೊಳಗೆ ಆಸ್ಪತ್ರೆಗೆ ಹೊರಟಿದ್ದ ಯಳಂದೂರಿನ ಮುದುಕರೊಬ್ಬರು ಕೆಮ್ಮುತ್ತಿದ್ದರು. ಚಿಕ್ಕಮ್ಮ ಅವರನ್ನು ನೋಡಿದಳು, ಕುದುರೆಯನ್ನು ನೋಡಿದಳು. ಅಷ್ಟು ಜನರ ಮುಂದೆ ನಿಧಾನವಾಗಿ ಹೋಗಿ ಅದರ ಕುತ್ತಿಗೆಯ ಮೇಲೆ ಅಂಗೈ ಇಟ್ಟಳು, ಎರಡು ಸಲ ತಟ್ಟಿದಳು. ಕೂಸು ಹೊರಟಿತು. ಅದರ ಮೈಮೇಲೆ ಚಾವಟಿಯ ಬರೆಗಳೆದ್ದಿದ್ದವು. ಇಮಾಮಣ್ಣ ಅಲ್ಲೇ ನಿಂತು, "ಅಯ್ಯೋ ಮಾದ, ಏನ್ ಕಲ್ಸಿ ಓಗಿದ್ದೀಯಾ ಮಾರಾಯ" ಎಂದು ಮೆಲ್ಲಗೆ ಹೇಳಿದ. ನಮ್ಮ ಗಾಡಿಗೆ ಹತ್ತುತ್ತಿದ್ದವರಲ್ಲಿ ಅರ್ಧ ಜನ ಆಸ್ಪತ್ರೆಗೆ ಹೋಗುವವರು, ಇನ್ನರ್ಧ ಬೀಡಿ ಸೇದುವವರು.

ಕಲಿಸಿದ್ದನ್ನು ಮರೆಸಲು ಚಿಕ್ಕಮ್ಮ ಅದೇ ದಾರಿ ಹಿಡಿದಳು. ನಾನು ಬೀದಿಯ ಕೊನೆಯಲ್ಲಿ ನಿಂತು ಕೆಮ್ಮಬೇಕು, ಅವಳು ಹಗ್ಗ ಹಿಡಿದು ನಿಲ್ಲಿಸದೆ ನಡೆಸಬೇಕು, ದಿನಕ್ಕೆ ಐದು ಹೆಜ್ಜೆ ಹತ್ತಿರ. ನಾನು ತುಂಬ ಚೆನ್ನಾಗಿ ಕೆಮ್ಮುತ್ತಿದ್ದೆ; ಅಷ್ಟು ದಿನ ಕೇಳಿ ಕೇಳಿ ಆ ಕೆಮ್ಮಿನ ಏರಿಳಿತವೆಲ್ಲ ಬಾಯಿಪಾಠವಾಗಿತ್ತು. ಮೊದಲ ಸಲ ಹಾಗೆ ಕೆಮ್ಮಿದಾಗ ಅಮ್ಮ ಅಡುಗೆಮನೆಯಿಂದ ಓಡಿಬಂದು ನನ್ನ ಕೆನ್ನೆಗೆ ಬಾರಿಸಿ, ಆಮೇಲೆ ಅಲ್ಲೇ ಕೂತು ಅತ್ತಳು. ಎರಡು ತಿಂಗಳು ಪಾಠ ನಡೆಯಿತು. ಕೂಸು ಪ್ರತಿ ಸಲವೂ ನಿಂತಿತು, ಪ್ರತಿ ಸಲವೂ ಪಕ್ಕದಲ್ಲಿ ಯಾರೋ ಇದ್ದಾರೆಂಬಂತೆ ಕುತ್ತಿಗೆ ಬಾಗಿಸಿತು. ಮರೆಸುವುದು ಆಗಲಿಲ್ಲ ಎಂದು ಬಹಳ ವರ್ಷ ನಾನೂ ಹೇಳಿಕೊಂಡು ಬಂದೆ. ಆದರೆ ನಾನು ಕಂಡದ್ದು ಬೇರೆ. ಕೂಸು ನಿಂತಾಗ ಚಿಕ್ಕಮ್ಮ ತಕ್ಷಣ ಹಗ್ಗ ಎಳೆಯುತ್ತಿರಲಿಲ್ಲ. ಮೊದಲು ಅವಳ ಕೈ ಅದರ ಕುತ್ತಿಗೆಗೆ ಹೋಗುತ್ತಿತ್ತು. ಅಲ್ಲಿ ಒಂದಿಷ್ಟು ಹೊತ್ತು ಇರುತ್ತಿತ್ತು. ಆಮೇಲಷ್ಟೇ ಎಳೆಯುತ್ತಿದ್ದಳು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಒಂದು ದಿನ ಅವಳೇ ಹಗ್ಗ ಕೆಳಗೆ ಬಿಟ್ಟು, "ಸಾಕು ಬುಡು ಮಗ, ನಿನ್ ಗಂಟ್ಲು ಒಡ್ದೋಯ್ತದ" ಎಂದಳು.

ಬಸ್ಸಿನೆದುರು ಕೂಸು ಮತ್ತೆರಡು ಸಲ ನಿಂತಿತು. ಎರಡನೇ ಸಲ ಗಾಡಿಯಿಂದ ಒಬ್ಬ ಬಸುರಿ ಹೆಂಗಸು ಮುಗ್ಗರಿಸಿ ಬಿದ್ದಳು. ಏನೂ ಆಗಲಿಲ್ಲ, ಆದರೆ ಅಂದಿನಿಂದ ನಮ್ಮ ಗಾಡಿಗೆ ಯಾರೂ ಹತ್ತಲಿಲ್ಲ. ಇಮಾಮಣ್ಣ ಕಣ್ಣು ತಗ್ಗಿಸಿ ಹಗ್ಗ ತಂದು ಜಗಲಿಯ ಮೇಲಿಟ್ಟು ಹೋದ. ಕೂಸನ್ನು ಕೊಳ್ಳಲು ಸತ್ತೇಗಾಲದಿಂದ ಒಬ್ಬ ಯಜಮಾನರು ಬಂದರು, ತೋಟದ ತೆಂಗಿನಕಾಯಿ ಸಾಗಿಸುವ ಗಾಡಿಗೆ. ಅಂದು ಬೆಳಿಗ್ಗೆ ನನಗೆ ನೆಗಡಿಯೆಂದು ಅಮ್ಮ ಎರಡು ಲೋಟ ಮೆಣಸಿನ ಕಷಾಯ ಕುಡಿಸಿದ್ದಳು. ಯಜಮಾನರು ಕೂಸಿನ ಹಲ್ಲು ನೋಡಿದರು, ಸುಳಿ ನೋಡಿದರು, ಗೊರಸು ಎತ್ತಿ ನೋಡಿದರು. ಎಲ್ಲ ಒಪ್ಪಿಗೆಯಾಯಿತು. ನಮ್ಮ ಕಡೆ ಎತ್ತು ಕುದುರೆ ಕೊಳ್ಳುವವರಲ್ಲಿ ಕೆಲವರಿಗೆ ಒಂದು ಪದ್ಧತಿಯಿತ್ತು: ಕೊನೆಗೆ ದೊಡ್ಡವರನ್ನು ಬಿಟ್ಟು ಮನೆಯ ಮಗುವನ್ನು ಕೇಳುವುದು. ಮಗು ಐಬಿಲ್ಲವೆಂದರೆ ಐಬಿಲ್ಲ, ಆಮೇಲೆ ದೂರು ತರುವಂತಿಲ್ಲ. ಅವರು ನನ್ನ ಎದುರಿಗೆ ಕುಕ್ಕರುಗಾಲಲ್ಲಿ ಕೂತರು. "ಏಳವ್ವ, ನೀ ಸುಳ್ಳೇಳೊ ಮಗ ಅಲ್ಲ. ಇದ್ಕ ಏನಾರ ಐಬು ಅದಾ?" ಅಪ್ಪ ಬೀದಿಯ ಕಡೆ ನೋಡುತ್ತಿದ್ದ. ಚಿಕ್ಕಮ್ಮ ಕಂಬ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು, ರೆಪ್ಪೆ ಮಿಟುಕಿಸದೆ. ಆ ನೋಟದ ಅರ್ಥ ನನಗೆ ಆಯಿತು ಎಂದುಕೊಂಡೆ. ಗಂಟಲಿನಲ್ಲಿ ಕಷಾಯದ ಖಾರ ಇನ್ನೂ ಉರಿಯುತ್ತಿತ್ತು. ಕೆಮ್ಮು ಬರದಿರಲಿ ಎಂದು ಉಗುಳು ನುಂಗಿ, "ಇಲ್ಲ" ಎಂದೆ. ಹೀಗೆ ಹೇಳು ಎಂದು ಅಪ್ಪ ಹಿಂದಿನ ದಿನ ನನಗೆ ಹೇಳಿಕೊಟ್ಟಿದ್ದ ಎಂದು ಎಂ.ಎ. ಓದುವಾಗಿನ ಡೈರಿಯಲ್ಲಿ ಬರೆದಿದ್ದೇನೆ. ಈಗ ಅದನ್ನು ನಂಬಲು ಆಗುತ್ತಿಲ್ಲ. ನನಗೆ ಯಾರೂ ಏನನ್ನೂ ಹೇಳಿಕೊಟ್ಟಿರಲಿಲ್ಲ.

ಕೂಸು ಹೋದ ಮೇಲೆ ಚಿಕ್ಕಮ್ಮ ಒಂದು ವಾರವಿದ್ದಳು. ಕೊಟ್ಟಿಗೆ ಗುಡಿಸಿ, ಗೋಮಯ ಸಾರಿಸಿ, ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಬೆಳಗಿ ಮಗುಚಿಟ್ಟಳು. ಅಣ್ಣ ಬಂದು ಕರೆದುಕೊಂಡು ಹೋದ. ಹನೂರಿನ ಬಸ್ಸು ಹೊರಡುವಾಗ ಅವಳು ಕಿಟಕಿಯ ಹೊರಗೆ ಕೈ ಚಾಚಲಿಲ್ಲ. ಅಪ್ಪನಿಗೆ ಮೈಸೂರಿಗೆ ವರ್ಗವಾಗಿ ನಾವೂ ಹೊರಟೆವು. ಮನೆ ಬೇರೆಯವರದಾಯಿತು, ಕೊಟ್ಟಿಗೆಯಿದ್ದ ಜಾಗದಲ್ಲಿ ಸೈಕಲ್ ರಿಪೇರಿ ಅಂಗಡಿ ಬಂತು, ಜಟಕಾಗಳು ಒಂದೊಂದಾಗಿ ಸ್ಟ್ಯಾಂಡು ಬಿಟ್ಟವು.

ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ, ಎಂ.ಎ. ಓದುತ್ತಿದ್ದಾಗ, ಹಾಸ್ಟೆಲಿನ ಗೆಳತಿಯರ ಜೊತೆ ಬಸ್ಸಿನಲ್ಲಿ ಸತ್ತೇಗಾಲದ ರಸ್ತೆಯಲ್ಲಿ ಹೋಗುತ್ತಿದ್ದೆ. ಬಸ್ಸು ನಿಂತಿತು. ಮುಂದೆ ರಸ್ತೆಯ ನಡುವೆ ಕಾಯಿ ತುಂಬಿದ ಗಾಡಿಯೊಂದು ನಿಂತಿತ್ತು. ಆಳೊಬ್ಬ ಕುದುರೆಗೆ ಹೊಡೆಯುತ್ತಿದ್ದ, ಸಿಟ್ಟಿಲ್ಲದೆ, ದಿನದ ಕೆಲಸ ಮಾಡುವವನ ಹಾಗೆ. ಬೆನ್ನಿನ ಮೂಳೆ ಎದ್ದಿತ್ತು, ಪಕ್ಕೆಯ ಮೇಲೆ ಹಳೆಯ ಹುಣ್ಣುಗಳ ಬಿಳಿ ಕಲೆಗಳಿದ್ದವು. ಕಂದು ಬಣ್ಣ, ಆದರೆ ಕಂದು ಕುದುರೆಗಳು ಎಷ್ಟಿಲ್ಲ, ನಮ್ಮದಕ್ಕೆ ಗುರುತು ಹಚ್ಚುವಂಥ ಚುಕ್ಕೆಯೂ ಇರಲಿಲ್ಲ. ಬಸ್ಸಿನಲ್ಲಿ ಯಾರೋ ಕೆಮ್ಮುತ್ತಿದ್ದರೋ ಇಲ್ಲವೋ ನೆನಪಿಲ್ಲ. ಕುದುರೆ ಹೊಡೆತದತ್ತ ನೋಡುತ್ತಿರಲಿಲ್ಲ. ಕುತ್ತಿಗೆಯನ್ನು ಒಂದು ಪಕ್ಕಕ್ಕೆ, ಯಾರೂ ಇಲ್ಲದ ಕಡೆಗೆ ಬಾಗಿಸಿಕೊಂಡು ನಿಂತಿತ್ತು. ನಾನು ಇಳಿಯಬಹುದಿತ್ತು, ಹತ್ತು ಹೆಜ್ಜೆಯ ದೂರ. ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದೆ, ಪಕ್ಕದಲ್ಲಿ ಗೆಳತಿ ಏನೋ ಹೇಳಿ ನಗಿಸುತ್ತಿದ್ದಳು. ಡ್ರೈವರು ಬೈಯುತ್ತ ಬಸ್ಸನ್ನು ಮಣ್ಣಿನಂಚಿಗೆ ಇಳಿಸಿ ದಾಟಿಸಿದ. ನಾನು ಹಿಂದಿರುಗಿ ನೋಡಲಿಲ್ಲ.

ಇದನ್ನು ಚಿಕ್ಕಮ್ಮನಿಗೆ ಹೇಳಿಬಿಡಬೇಕೆಂದು ಆ ಬೇಸಿಗೆಯಲ್ಲಿ ಹನೂರಿಗೆ ಹೋದೆ. ಅಣ್ಣನ ಮನೆಯ ಹಿಂದಿನ ಪಡಸಾಲೆಯಲ್ಲಿ, ರಾಗಿ ತುಂಬಿದ ಮಣ್ಣಿನ ವಾಡೆಗಳ ಪಕ್ಕ, ಅವಳ ಚಾಪೆ ಸುತ್ತಿಟ್ಟಿತ್ತು. ತುಂಬ ಇಳಿದುಹೋಗಿದ್ದಳು. ನನ್ನ ಕೈ ಹಿಡಿದು ಕೂರಿಸಿಕೊಂಡು, ಮುದ್ದೆ ತಿನ್ನುತ್ತೀಯೋ ಇಲ್ಲವೋ ಈಗ ಎಂದು ರೇಗಿಸಿದಳು. ಅವರಿವರ ಮಾತು ಆಯಿತು. ಮೊರದಲ್ಲಿ ಅವರೆಕಾಳು ಆರಿಸುತ್ತ, ತಲೆ ಎತ್ತದೆ, ಇದ್ದಕ್ಕಿದ್ದಂತೆ ಕೇಳಿದಳು: "ಅವತ್ತು ಯಾಕ್ ಮಗ ನೀ ಇಲ್ಲ ಅಂದೆ?"

ನೀನು ನನ್ನನ್ನೇ ನೋಡುತ್ತಿದ್ದೆಯಲ್ಲ ಚಿಕ್ಕಮ್ಮ, ಹಾಗೆ ಹೇಳು ಅಂತಲೇ ನೋಡುತ್ತಿದ್ದೀಯ ಅಂದುಕೊಂಡೆ ಎಂದೆ.

ಅವಳು ಮೊರವನ್ನು ಒಮ್ಮೆ ಅಲುಗಿಸಿ ಕಾಳು ಹರವಿದಳು. "ದೊಡ್ಡೋರೆಲ್ಲ ಮಾತಾಡಿ ಮುಗ್ಸಿದ್ರು. ನಂಗ ಬಾಯ್ ಬುಡಕ ಆಗ್ನಿಲ್ಲ. ನೀ ಒಬ್ಳು ಐಬು ಅದ ಅಂದ್ಬುಟ್ರ ಆವಯ್ಯ ಎದ್ದೋಯ್ತಾನ ಅನ್ಕಂಡು ನಿನ್ ಮೊಕವ್ನೇ ನೋಡ್ತಿದ್ದೆ ಕಣವ್ವ." ಒಂದು ಹುಳುಕು ಕಾಳನ್ನು ಹೆಕ್ಕಿ ಪಕ್ಕಕ್ಕೆ ಹಾಕಿದಳು. "ಓಗ್ಲಿ ಬುಡು. ಇದ್ದಿದ್ರೂ ಏನಿಕ್ಕದು ಅದ್ಕ."

ಅದು ನಿಜ. ಉಳಿಸಿಕೊಂಡಿದ್ದರೂ ಕೂಸು ನಮ್ಮ ಕೊಟ್ಟಿಗೆಯಲ್ಲೇ ಸೊರಗುತ್ತಿತ್ತು, ಒಂದೆರಡು ವರ್ಷ ತಡವಾಗಿ ಚಿಕ್ಕಮ್ಮ ಇದೇ ಚಾಪೆಗೆ ಬರುತ್ತಿದ್ದಳು. ಹಾಗೆಂದು ನನಗೆ ನಾನೇ ಹೇಳಿಕೊಂಡೆ. ಊಟವಾಯಿತು. ಕೊನೆಯ ಬಸ್ಸಿಗೆ ಅವಳು ರಸ್ತೆಯವರೆಗೂ ಬಂದಳು. ಸತ್ತೇಗಾಲದ ಕಡೆ ಎಂದಾದರೂ ಹೋಗಿದ್ದೆಯಾ, ಕಂಡೆಯಾ ಅದನ್ನು ಎಂದು ಕೇಳಿದಳು. ಇಲ್ಲ ಚಿಕ್ಕಮ್ಮ ಎಂದೆ.